ಭೂಮಿಯನ್ನು ತೂಗಿದ ಏಕಾಂಗಿ: ಹೆನ್ರಿ ಕ್ಯಾವೆಂಡಿಷ್

ದೊಡ್ಡಬಳ್ಳಾಪುರ, ದೇವನಹಳ್ಳಿ ಕಡೆಯ ಬಾಳೆ ಬೆಳೆಗಾರರಿಗೆ ಕ್ಯಾವೆಂಡಿಷ್ ಎಂಬ ಹೆಸರು ಹೊಸತಲ್ಲ. ಜಿ-9 ಬಾಳೆ ಅದೇ ಗುಂಪಿನ ತಳಿ. ಬಾಳೆಗೆ ಈ ಹೆಸರು ಬಂದದ್ದು ಇಂಗ್ಲೆಂಡಿನ ಒಂದು ಸಿರಿವಂತ ಮನೆತನದಿಂದ. ಆ ಮನೆತನದಲ್ಲೇ ಹುಟ್ಟಿದವರು ವಿಜ್ಞಾನಿ ಹೆನ್ರಿ ಕ್ಯಾವೆಂಡಿಷ್. ಯಾರ ಒಡನಾಟವನ್ನೂ ಬಯಸದೆ 78 ವರ್ಷ ಬಾಳಿದ ಅವರ ಜೀವನ, ಏಕಾಂತವನ್ನೇ ಇಷ್ಟಪಡುವ ಮಗ ಅಥವಾ ಮಗಳಿರುವ ಮನೆಗಳು ತಿಳಿಯಬೇಕಾದದ್ದು.

ಅವರು ಜನಿಸಿದ್ದು 1731ರ ಅಕ್ಟೋಬರ್ 10ರಂದು, ನೀಸ್ ನಗರದಲ್ಲಿ. ಎರಡು ವರ್ಷ ತುಂಬುವಷ್ಟರಲ್ಲಿ ತಾಯಿ ತೀರಿಕೊಂಡರು. 1749ರಲ್ಲಿ ಕೇಂಬ್ರಿಜ್ ಸೇರಿದ ಹೆನ್ರಿ 1753ರಲ್ಲಿ ಪದವಿ ಪಡೆಯದೆಯೇ ಹೊರಬಂದರು. ಬಳಿಕ ಮೂರು ದಶಕಗಳ ಕಾಲ, 1783ರಲ್ಲಿ ತಂದೆ ತೀರಿಕೊಳ್ಳುವವರೆಗೆ, ಅವರ ಜೊತೆಯಲ್ಲೇ ಲಂಡನ್ನಿನಲ್ಲಿದ್ದರು. ಸ್ವತಃ ವಿಜ್ಞಾನಾಸಕ್ತರಾಗಿದ್ದ ತಂದೆ ಚಾರ್ಲ್ಸ್, ಮಗನನ್ನು ರಾಯಲ್ ಸೊಸೈಟಿಯ ಸಭೆಗಳಿಗೆ ಕರೆದೊಯ್ದರು. 1760ರಲ್ಲಿ ಹೆನ್ರಿ ಅದರ ಸದಸ್ಯರಾದರು.

<b>ಚೀಟಿಯಲ್ಲೇ ಮಾತು</b>

ಅವರ ದಿನಚರಿ ವಿಚಿತ್ರವಾಗಿತ್ತು. ಅಡುಗೆ ಏನಾಗಬೇಕೆಂಬುದನ್ನು ಚೀಟಿಯಲ್ಲಿ ಬರೆದಿಡುತ್ತಿದ್ದರು. ಮನೆಯ ಕೆಲಸದ ಹೆಂಗಸರು ಎದುರಾಗದಿರಲೆಂದು ಪ್ರತ್ಯೇಕ ಮೆಟ್ಟಿಲನ್ನೇ ಕಟ್ಟಿಸಿದ್ದರೆಂದು ಅವರ ಜೀವನಚರಿತ್ರೆಕಾರರು ದಾಖಲಿಸಿದ್ದಾರೆ. ಮದುವೆಯಾಗಲಿಲ್ಲ. ಹೊಗಳಿಕೆ ಅವರಿಗೆ ಹಿಂಸೆಯಾಗುತ್ತಿತ್ತು, ಅಪಾರ ಸಂಪತ್ತು ಸಂತೋಷ ಕೊಡುತ್ತಿರಲಿಲ್ಲ. ಆದರೂ ವಿಜ್ಞಾನಿಗಳ ವಾರದ ಭೋಜನಕೂಟವನ್ನು ತಪ್ಪಿಸುತ್ತಿರಲಿಲ್ಲ. ಅವರ ಮುಖ ನೋಡದೆ, ಶೂನ್ಯಕ್ಕೆ ಮಾತನಾಡಿದಂತೆ ಪ್ರಶ್ನೆ ಕೇಳಿದರೆ ಉತ್ತರ ಸಿಗುತ್ತದೆಂಬುದನ್ನು ಗೆಳೆಯರು ಕಂಡುಕೊಂಡಿದ್ದರು.

1766ರಲ್ಲಿ ಅವರು ಜಲಜನಕವನ್ನು ಪ್ರತ್ಯೇಕ ಅನಿಲವೆಂದು ವಿವರಿಸಿದರು. 1798ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಸೀಸದ ಗುಂಡುಗಳ ಸೂಕ್ಷ್ಮ ಆಕರ್ಷಣೆಯನ್ನು ಕೊಠಡಿಯ ಹೊರಗಿನಿಂದ ದೂರದರ್ಶಕದಲ್ಲಿ ಗಮನಿಸಿ, ಭೂಮಿಯ ಸಾಂದ್ರತೆ ನೀರಿನ 5.48 ಪಟ್ಟು ಎಂದು ಲೆಕ್ಕಹಾಕಿದರು. ಇಂದಿನ ಲೆಕ್ಕ 5.51.

ಏಕಾಂತಕ್ಕೆ ಬೆಲೆಯೂ ಇತ್ತು. ವಿದ್ಯುತ್ತಿನ ಕುರಿತ ಅವರ ಹಲವು ಶೋಧಗಳು ಪ್ರಕಟವಾಗದೆ ಉಳಿದವು. 1810ರ ಫೆಬ್ರುವರಿ 24ರಂದು ಅವರು ನಿಧನರಾದರು. ಆ ಕಾಗದಗಳನ್ನು ಮ್ಯಾಕ್ಸ್‌ವೆಲ್ 1879ರಲ್ಲಿ ಪ್ರಕಟಿಸುವಷ್ಟರಲ್ಲಿ ಬೇರೆಯವರು ಅವೇ ನಿಯಮಗಳನ್ನು ಕಂಡುಹಿಡಿದಿದ್ದರು.

<b>ಸ್ವಭಾವವೋ, ದೋಷವೋ?</b>

ಆಪ್ತ ಸಂಬಂಧಗಳ ಬಯಕೆಯೇ ಇಲ್ಲದಿರುವುದು, ಒಂಟಿಯಾಗಿ ಮಾಡುವ ಕೆಲಸಗಳನ್ನೇ ಆರಿಸಿಕೊಳ್ಳುವುದು, ಹೊಗಳಿಕೆ-ತೆಗಳಿಕೆಗಳ ಬಗ್ಗೆ ನಿರ್ಲಿಪ್ತರಾಗಿರುವುದು, ಭಾವನೆಗಳನ್ನು ಹೊರಗೆಡಹದಿರುವುದು ಸ್ಕಿಜಾಯ್ಡ್ ವ್ಯಕ್ತಿತ್ವ ದೋಷದ ಲಕ್ಷಣಗಳು. ಹೆಸರು ಹೋಲುತ್ತದಾದರೂ ಇದು ಸ್ಕಿಜೋಫ್ರೀನಿಯಾ ಅಲ್ಲ; ಭ್ರಮೆ, ಇಲ್ಲದ ದನಿ ಕೇಳಿಸುವುದು ಇದರ ಲಕ್ಷಣವಲ್ಲ. ಇದು ಸಂಕೋಚವೂ ಅಲ್ಲ. ಸಂಕೋಚದವರಿಗೆ ಸ್ನೇಹ ಬೇಕು, ಧೈರ್ಯ ಸಾಲದು. ಇವರಿಗೆ ಸ್ನೇಹದ ಹಂಬಲವೇ ಕಡಿಮೆ.

ಕ್ಯಾವೆಂಡಿಷ್‌ಗೆ ಈ ದೋಷವಿತ್ತೆಂದು ಈಗ ತೀರ್ಮಾನಿಸಲಾಗದು. ನರವಿಜ್ಞಾನಿ ಆಲಿವರ್ ಸ್ಯಾಕ್ಸ್ ಅವರಲ್ಲಿ ಆಟಿಸಂ ವರ್ಗದ ಆಸ್ಪರ್ಗರ್ ಲಕ್ಷಣಗಳನ್ನು ಗುರುತಿಸಿದ್ದರು. ಹೆಸರು ಯಾವುದೇ ಇರಲಿ, ಸುತ್ತಲಿನವರು ಅವರನ್ನು ತಿದ್ದಲು ಹೋಗದೆ ಜಾಗ ಬಿಟ್ಟುಕೊಟ್ಟರು; ಬಾಗಿಲನ್ನೂ ಮುಚ್ಚಲಿಲ್ಲ.

ನಮ್ಮಲ್ಲಿ ಇಂಥ ಮಕ್ಕಳಿಗೆ ಅಹಂಕಾರಿ ಎಂಬ ಹೆಸರು ಬೇಗ ಅಂಟುತ್ತದೆ. ಮದುವೆ ಮಾಡಿದರೆ ಎಲ್ಲವೂ ಸರಿಹೋಗುತ್ತದೆ ಎನ್ನುವ ಹಿರಿಯರೂ ಕಡಿಮೆಯಿಲ್ಲ. ಮದುವೆ ಚಿಕಿತ್ಸೆಯಲ್ಲ. ಮನಸ್ಸಿಲ್ಲದವರಿಗೆ ಕಟ್ಟಿದ ತಾಳಿಯಿಂದ ಇಬ್ಬರ ಬದುಕೂ ನೋಯುತ್ತದೆ. ಈ ದೋಷಕ್ಕೆಂದೇ ನಿಗದಿಯಾದ ಔಷಧವಿಲ್ಲ. ಜೊತೆಗೆ ಖಿನ್ನತೆಯಿದ್ದರೆ ಅದಕ್ಕೆ ಚಿಕಿತ್ಸೆಯಿದೆ; ಒತ್ತಾಯವಿಲ್ಲದ ಆಪ್ತಸಮಾಲೋಚನೆಯಿಂದ ಕೆಲವರಿಗೆ ಉಪಯೋಗವಾಗುತ್ತದೆ. ಮೊದಲು ಬೆರೆಯುತ್ತಿದ್ದವರು ಇದ್ದಕ್ಕಿದ್ದಂತೆ ದೂರ ಸರಿದರೆ, ಊಟ-ಸ್ನಾನ ಬಿಟ್ಟರೆ ಅದು ಬೇರೆ ಕಾಯಿಲೆಯ ಸೂಚನೆಯಾಗಿರಬಹುದು. ಆಗ ತಡಮಾಡದೆ ವೈದ್ಯರನ್ನು ಕಾಣಬೇಕು. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ ಉಚಿತ ಸಲಹೆ ಪಡೆಯಬಹುದು. ಬೆಂಗಳೂರಿನ ನಿಮ್ಹಾನ್ಸ್ ಅದರ ರಾಷ್ಟ್ರೀಯ ಕೇಂದ್ರ.