ಕಮಲಾದೇವಿ ಚಟ್ಟೋಪಾಧ್ಯಾಯ

ಕಮಲಾದೇವಿ ಚಟ್ಟೋಪಾಧ್ಯಾಯ (3 ಏಪ್ರಿಲ್ 1903 – 29 ಅಕ್ಟೋಬರ್ 1988) ಮಂಗಳೂರಿನಲ್ಲಿ ಜನಿಸಿದ ಲೇಖಕಿ, ರಂಗನಟಿ ಹಾಗೂ ಸ್ವಾತಂತ್ರ್ಯ ಹೋರಾಟಗಾರ್ತಿ. ಕರಕುಶಲ ಕಲೆಗಳ ಪುನರುಜ್ಜೀವನಕ್ಕಾಗಿ ಅವರ ಹೆಸರು ಮನೆಮಾತಾಗಿದೆ; ನಟಿಯಾಗಿ ಅವರು ತುಳಿದ ಹಾದಿಯನ್ನು ನೆನೆಯುವವರು ಕಡಿಮೆ.

ರಂಗಭೂಮಿ

ಹದಿಹರೆಯದಲ್ಲೇ ವಿವಾಹವಾಗಿ, ಎರಡೇ ವರ್ಷಗಳಲ್ಲಿ ವೈಧವ್ಯಕ್ಕೆ ಗುರಿಯಾದ ಕಮಲಾದೇವಿ ಮದರಾಸಿನ ಕ್ವೀನ್ ಮೇರಿ ಕಾಲೇಜಿನಲ್ಲಿ ಓದು ಮುಂದುವರಿಸಿದರು. ಸರೋಜಿನಿ ನಾಯ್ಡು ಅವರ ಸಹೋದರ, ಕವಿ ಮತ್ತು ನಟ ಹರೀಂದ್ರನಾಥ ಚಟ್ಟೋಪಾಧ್ಯಾಯರ ಪರಿಚಯವಾದದ್ದು ಅಲ್ಲಿಯೇ. ವಿಧವಾ ವಿವಾಹವನ್ನು ಸಮಾಜ ಒಪ್ಪದಿದ್ದ ಕಾಲದಲ್ಲಿ, ಅದರಲ್ಲೂ ಬೇರೆ ಭಾಷೆಯ ವರನೊಡನೆ ನಡೆದ ಈ ಮದುವೆ ತೀವ್ರ ವಿರೋಧವನ್ನು ಎದುರಿಸಿತು.

ಪತಿಯ ನಾಟಕಗಳಲ್ಲಿ ಕಮಲಾದೇವಿ ಬಣ್ಣ ಹಚ್ಚಿ ಊರೂರು ಸುತ್ತಿದರು. ಆಗ ವೃತ್ತಿ ನಾಟಕ ಕಂಪನಿಗಳಲ್ಲಿ ಸ್ತ್ರೀಪಾತ್ರಗಳನ್ನು ಬಹುಮಟ್ಟಿಗೆ ಗಂಡಸರೇ ವಹಿಸುತ್ತಿದ್ದರು. ಮರ್ಯಾದಸ್ಥ ಮನೆತನದ ಹೆಣ್ಣುಮಗಳು ರಂಗವೇರುವುದು ಕುಲಕ್ಕೆ ಕಳಂಕವೆಂದೇ ಭಾವಿಸಲಾಗುತ್ತಿತ್ತು. ಜಿಲ್ಲಾಧಿಕಾರಿಯಾಗಿದ್ದವರ ಮಗಳು ಸಾರ್ವಜನಿಕವಾಗಿ ನಟಿಸಿದ್ದರಿಂದ ಆ ಕಟ್ಟು ಸಡಿಲವಾಯಿತು.

ಮೃಚ್ಛಕಟಿಕ

ಉಪ್ಪಿನ ಸತ್ಯಾಗ್ರಹದಲ್ಲಿ ಭಾಗವಹಿಸಿ ಸೆರೆವಾಸ ಅನುಭವಿಸಿದ ಬಳಿಕ, ಶೂದ್ರಕನ ಸಂಸ್ಕೃತ ನಾಟಕವನ್ನು ಆಧರಿಸಿ ಮೋಹನ್ ಭವನಾನಿ ನಿರ್ದೇಶಿಸಿದ 'ಮೃಚ್ಛಕಟಿಕ' (1931, 'ವಸಂತಸೇನಾ' ಎಂದೂ ಪ್ರಸಿದ್ಧ) ಚಿತ್ರದಲ್ಲಿ ಅವರು ಕಾಣಿಸಿಕೊಂಡರು. ಮೂಕಿ ಚಿತ್ರಕ್ಕೆ ಭಾಷೆಯ ಹಂಗಿಲ್ಲದಿದ್ದರೂ ಕನ್ನಡ ಚಿತ್ರರಂಗದ ಇತಿಹಾಸದಲ್ಲಿ ಇದಕ್ಕೆ ಮೊದಲ ಸಾಲಿನ ಸ್ಥಾನವಿದೆ. ಬೆಂಗಳೂರಿನ ನಾಟಕಕಾರ ಟಿ. ಪಿ. ಕೈಲಾಸಂ ಮತ್ತು ಏಣಾಕ್ಷಿ ರಾಮರಾವ್ ಸಹನಟರು. 

ಬರಹ ಮತ್ತು ಸಂಸ್ಥೆಗಳು

ಮಹಿಳಾ ಜಾಗೃತಿ, ಅಮೆರಿಕ, ಕರಕುಶಲ ಕಲೆ ಮೊದಲಾದ ವಿಷಯಗಳನ್ನು ಕುರಿತು ಇಂಗ್ಲಿಷಿನಲ್ಲಿ ಹಲವು ಗ್ರಂಥಗಳನ್ನು ರಚಿಸಿದರು. 1945ರ 'ಟುವರ್ಡ್ಸ್ ಎ ನ್ಯಾಷನಲ್ ಥಿಯೇಟರ್' ಕೃತಿಯು ರಾಷ್ಟ್ರೀಯ ರಂಗಭೂಮಿಯನ್ನು ಕಟ್ಟುವ ಬಗೆಯನ್ನು ಚರ್ಚಿಸುತ್ತದೆ. ಅದು ಬರಿಯ ಚರ್ಚೆಯಾಗಿ ಉಳಿಯಲಿಲ್ಲ: ಅವರು ಮುನ್ನಡೆಸಿದ ಭಾರತೀಯ ನಾಟ್ಯ ಸಂಘವು ಆರಂಭಿಸಿದ ಏಷ್ಯನ್ ಥಿಯೇಟರ್ ಇನ್‌ಸ್ಟಿಟ್ಯೂಟ್ ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಗೆ ಬುನಾದಿಯಾಯಿತು. ಅದೇ ಸಂಘದ ಆಶ್ರಯದಲ್ಲಿ 1964ರಲ್ಲಿ ಮೊದಲಾದ ಕಥಕ್ ಮತ್ತು ನೃತ್ಯಸಂಯೋಜನೆಯ ನಾಟ್ಯ ಸಂಸ್ಥೆಯನ್ನು ನೃತ್ಯಗಾರ್ತಿ ಮಾಯಾ ರಾವ್ ಮುನ್ನಡೆಸಿದರು. ಅದು ಬಳಿಕ ಬೆಂಗಳೂರಿನ ಮಲ್ಲೇಶ್ವರದಲ್ಲಿ ನೆಲೆ ಕಂಡಿತು.

ಪದ್ಮಭೂಷಣ (1955), ರೇಮನ್ ಮ್ಯಾಗ್ಸೆಸೆ ಪ್ರಶಸ್ತಿ (1966) ಮತ್ತು ಪದ್ಮವಿಭೂಷಣ (1987) ಅವರಿಗೆ ಸಂದ ಗೌರವಗಳು. ಆತ್ಮಕಥೆ 1986ರಲ್ಲಿ ಪ್ರಕಟವಾಯಿತು. 85ನೆಯ ವಯಸ್ಸಿನಲ್ಲಿ ಮುಂಬಯಿಯಲ್ಲಿ ನಿಧನರಾದರು.