ಹಾಸನಕ್ಕೆ ಕತ್ತರಿ ಹಾಕಿದ ದಿವಾನರು, ಜನರಿಗೆ ಲೆಕ್ಕ ಒಪ್ಪಿಸಿದ ದಿವಾನರು

ಹಾಸನ ಜಿಲ್ಲೆ ಕೆಲವು ವರ್ಷ ಜಿಲ್ಲೆಯೇ ಆಗಿರಲಿಲ್ಲ ಅಂದರೆ ಈಗಿನ ಹುಡುಗರು ನಂಬಲಿಕ್ಕಿಲ್ಲ. ನಡೆದದ್ದು ಮಾತ್ರ ನಿಜ. ಇದ್ದ ಜಿಲ್ಲೆಯನ್ನೇ ರದ್ದು ಮಾಡಿದ್ದರು. ಜೊತೆಗೆ ಚಿತ್ರದುರ್ಗವನ್ನೂ. ಎಂಟು ಜಿಲ್ಲೆಯ ಮೈಸೂರು ಸಂಸ್ಥಾನ ಆರಕ್ಕೆ ಇಳಿಯಿತು. ಕತ್ತರಿ ಹಿಡಿದವರು ದಿವಾನ್ ಸಿ. ವಿ. ರಂಗಾಚಾರ್ಲು. ಮೈಸೂರಿನ ಪುರಭವನಕ್ಕೆ ಹೆಸರಿಟ್ಟಿದ್ದಾರಲ್ಲ, ಅವರೇ.

ಹಾಗಂತ ಅವರನ್ನು ಬೈದು ಮುಗಿಸುವ ಹಾಗಿಲ್ಲ. ಸರ್ಕಾರ ವರ್ಷಕ್ಕೊಮ್ಮೆ ಜನರ ಮುಂದೆ ನಿಂತು ಲೆಕ್ಕ ಹೇಳಬೇಕು ಅನ್ನುವ ಪದ್ಧತಿ ಶುರು ಮಾಡಿದವರೂ ಅವರೇ.

ಹುಟ್ಟಿದ್ದು 1831ರಲ್ಲಿ, ತಮಿಳು ಸೀಮೆಯ ಚೆಂಗಲ್ಪಟ್ಟು ಜಿಲ್ಲೆಯಲ್ಲಿ. ಮದರಾಸು ಸರ್ಕಾರದ ನೌಕರಿ. 1868ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ತೀರಿಕೊಂಡಾಗ ಅರಮನೆಯ ಲೆಕ್ಕಪತ್ರ ಸರಿಮಾಡಲು ಇವರನ್ನು ಕರೆಸಿದರು. ಅರಮನೆ ತುಂಬ ಸಾಲ, ಬೇಕಾದ್ದಕ್ಕಿಂತ ಹೆಚ್ಚು ಊಳಿಗದವರು. ಸಾಲದವರ ಬಾಕಿ ತೀರಿಸಿ, ಊಳಿಗದವರ ದಂಡು ಕಡಿಮೆ ಮಾಡಿ, ಖರ್ಚಿಗೊಂದು ಹದ ತಂದರು.

ಆಗ ಸಂಸ್ಥಾನ ಆಳುತ್ತಿದ್ದದ್ದು ಬ್ರಿಟಿಷ್ ಕಮಿಷನರು. 1874ರಲ್ಲಿ ಈ ಆಡಳಿತದ ಮೇಲೆ ಲಂಡನ್ನಿನಲ್ಲಿ ಒಂದು ಸಣ್ಣ ಪುಸ್ತಕ ಅಚ್ಚಾಯಿತು. ದುಬಾರಿ ಸಂಬಳದ ಬಿಳಿಯ ಅಧಿಕಾರಿಗಳ ಭಾರವನ್ನು ಸಂಸ್ಥಾನ ಯಾಕೆ ಹೊರಬೇಕು ಅನ್ನುವುದು ಅದರ ತಕರಾರು. ಬರೆದವರು ರಂಗಾಚಾರ್ಲು.

ಆಮೇಲೆ ಬಂತು 1876-78ರ ಬರ. 1871ರ ಜನಗಣತಿಯಲ್ಲಿ 50 ಲಕ್ಷ ದಾಟಿದ್ದ ಜನ 1881ರ ಹೊತ್ತಿಗೆ 42 ಲಕ್ಷದ ಆಜುಬಾಜಿಗೆ ಇಳಿದಿದ್ದರು. ಬೊಕ್ಕಸ ಬರಿದಾಗಿ, ಮೇಲೆ 80 ಲಕ್ಷ ರೂಪಾಯಿ ಸಾಲ. 1881ರ ಮಾರ್ಚ್ 25ರಂದು ಚಾಮರಾಜೇಂದ್ರ ಒಡೆಯರ ಕೈಗೆ ರಾಜ್ಯ ಮರಳಿತು, ರಂಗಾಚಾರ್ಲು ದಿವಾನರಾದರು. ಅವರಿಗೆ ಸಿಕ್ಕಿದ್ದು ಈ ಸಾಲದ ಗಂಟು.

ಕತ್ತರಿ ಆಡಿಸದೆ ಬೇರೆ ದಾರಿ ಇರಲಿಲ್ಲ. ಜಿಲ್ಲೆಗಳಷ್ಟೇ ಅಲ್ಲ, ತಾಲ್ಲೂಕುಗಳೂ ಕಡಿಮೆಯಾದವು. ಆದರೆ ಎಲ್ಲಕ್ಕೂ ಕೈ ಬಿಗಿ ಹಿಡಿಯಲಿಲ್ಲ ನೋಡಿ. ಬರದಲ್ಲಿ ಬೆಂಗಳೂರಿಗೆ ಬಂದ ಧಾನ್ಯ ಒಳನಾಡಿಗೆ ಸಾಗಲು ದಾರಿಯಿಲ್ಲದೆ ಜನ ಸತ್ತಿದ್ದರು. ಹಾಗಾಗಿ ರೈಲಿಗೆ ಹಣ ಹೊಂದಿಸಿದರು. 1882ರಲ್ಲಿ ಬೆಂಗಳೂರಿನಿಂದ ಮೈಸೂರಿನವರೆಗೆ ಗಾಡಿ ಓಡಿತು. ಯಾವುದಕ್ಕೆ ಕತ್ತರಿ, ಯಾವುದಕ್ಕೆ ಕಾಸು ಅನ್ನುವ ವಿವೇಚನೆ ಅಂದರೆ ಇದು.

ಇನ್ನು ಮುಖ್ಯ ವಿಷಯ. 1881ರ ಆಗಸ್ಟ್ 25ರಂದು ಪ್ರಜಾಪ್ರತಿನಿಧಿ ಸಭೆಯ ಆಜ್ಞೆ ಹೊರಟಿತು. ಅಕ್ಟೋಬರ್ 7ರಂದು, ದಸರಾ ಸಮಯದಲ್ಲಿ, ಮೈಸೂರಿನಲ್ಲಿ 144 ಮಂದಿ ಸೇರಿದರು. ಹೋದ ವರ್ಷದ ಆಡಳಿತದಿಂದ ಏನು ಫಲ ಸಿಕ್ಕಿತು, ಬರುವ ವರ್ಷ ಏನು ಮಾಡುತ್ತೇವೆ, ಇವೆರಡನ್ನೂ ದಿವಾನರು ಅವರಿಗೆ ತಿಳಿಸಬೇಕು, ಅವರ ಅಹವಾಲು ಕೇಳಬೇಕು ಅನ್ನುವುದು ಏರ್ಪಾಡು. ಬಜೆಟ್ಟಿನ ಬಗ್ಗೆ ಇವತ್ತು ತಜ್ಞರು ಹೇಳುವುದರ ತಿರುಳೂ ಇದೇ ತಾನೆ?

ಆ ಸಭೆಗೆ ಮತದ ಅಧಿಕಾರ ಇರಲಿಲ್ಲ. ಬಂದವರು ಜಮೀನಿದ್ದವರು, ವರ್ತಕರು. ಕೂಲಿಯವನಿಗೆ, ಹೆಂಗಸರಿಗೆ ಜಾಗವಿಲ್ಲ. ಆದರೂ ದಿವಾನರೊಬ್ಬರು ಪ್ರಜೆಗಳ ಮುಂದೆ ನಿಂತು ಲೆಕ್ಕ ಹೇಳಿದ್ದು ಸಣ್ಣ ಮಾತಲ್ಲ.

ಹೆಚ್ಚು ದಿನ ಅವರು ಉಳಿಯಲಿಲ್ಲ. 1883ರ ಜನವರಿ 20ರಂದು ಮದರಾಸಿನಲ್ಲಿ ಕಣ್ಣು ಮುಚ್ಚಿದರು. ದಿವಾನಗಿರಿ ಎರಡು ವರ್ಷವೂ ತುಂಬಿರಲಿಲ್ಲ. ಆ ಸಭೆ ಮಾತ್ರ ನಿಲ್ಲಲಿಲ್ಲ. 1923ರಲ್ಲಿ ಅದಕ್ಕೆ ಕಾನೂನಿನ ಬಲ ಬಂತು, 1949ರವರೆಗೂ ಬಾಳಿತು.

ಹಾಸನದ ಗತಿ? ಶೇಷಾದ್ರಿ ಅಯ್ಯರ್ ದಿವಾನರಾಗಿದ್ದಾಗ, 1886ರಲ್ಲಿ ಹಾಸನ, ಚಿತ್ರದುರ್ಗ ಎರಡೂ ಮತ್ತೆ ಜಿಲ್ಲೆಗಳಾದವು. ಇದರಲ್ಲೂ ಒಂದು ಪಾಠವಿದೆ. ಕಚೇರಿ ಮುಚ್ಚಿದರೆ ಉಳಿಯುವ ಸಂಬಳ ಬೊಕ್ಕಸದ ಪುಸ್ತಕಕ್ಕೆ ಬರುತ್ತದೆ. ಒಂದು ಕಾಗದಕ್ಕೆ ಗಾಡಿ ಕಟ್ಟಿಕೊಂಡು ದೂರ ಅಲೆಯುವ ರೈತನ ಖರ್ಚು ಆ ಪುಸ್ತಕಕ್ಕೆ ಬರುವುದಿಲ್ಲ. ಉಳಿತಾಯವೆಲ್ಲ ಲಾಭವಲ್ಲ ಸ್ವಾಮಿ.

ಈಗ ನಮ್ಮ ಕಾಲಕ್ಕೆ ಬನ್ನಿ. ಮಾರ್ಚ್ ಬಂತೆಂದರೆ ಬಿಲ್ಲು ಪಾಸು ಮಾಡಿಸುವ ಓಟ. ಕೆಡಿಪಿ ಸಭೆಯಲ್ಲಿ ಆರ್ಥಿಕ ಪ್ರಗತಿ ಶೇಕಡಾ ಇಷ್ಟು, ಭೌತಿಕ ಪ್ರಗತಿ ಶೇಕಡಾ ಇಷ್ಟು ಅಂತ ಓದುತ್ತಾರೆ. ದುಡ್ಡು ಖರ್ಚಾಯ್ತು, ಸರಿ. ನಲ್ಲೀಲಿ ನೀರು ಬಂತೇ? ಆಸ್ಪತ್ರೆಯಲ್ಲಿ ಔಷಧಿ ಸಿಕ್ಕಿತೇ? ಶೇಕಡಾ ಲೆಕ್ಕದಲ್ಲಿ ಇದಕ್ಕೆ ಉತ್ತರ ಇರೋದಿಲ್ಲ.

ಮುಂದಿನ ಗ್ರಾಮಸಭೆಗೆ ಹೋದಾಗ ಎರಡೇ ಪ್ರಶ್ನೆ ಕೇಳಿ. ಹೋದ ವರ್ಷದ ದುಡ್ಡಿಂದ ಊರಿಗೆ ಆದದ್ದೇನು? ಬರುವ ವರ್ಷ ಮಾಡೋದೇನು? ಸಾಲದ ಗಂಟು ಹೊತ್ತಿದ್ದ ದಿವಾನರೇ 1881ರಲ್ಲಿ ಇವಕ್ಕೆ ಉತ್ತರ ಹೇಳಿದ್ದರು. ಇವತ್ತಿನವರಿಗೆ ಹೇಳೋಕೆ ಏನಡ್ಡಿ?