ಡಾರ್ವಿನ್ನನೂ ಎರೆಹುಳವೂ

ಚಾರ್ಲ್ಸ್ ಡಾರ್ವಿನ್ನನ ಹೆಸರನ್ನು ಕೇಳದ ವಿದ್ಯಾರ್ಥಿಗಳು ವಿರಳ. ಜೀವವಿಕಾಸದ ಪಾಠ ಬಂದಾಗಲೆಲ್ಲ ನಾವು ಅವನನ್ನು ನೆನೆಯುತ್ತೇವೆ. ಆದರೆ ಆ ಮಹಾಶಯನು ನಲವತ್ತಕ್ಕೂ ಹೆಚ್ಚು ವರ್ಷ ಎರೆಹುಳದ ಬೆನ್ನು ಹತ್ತಿದ್ದನೆಂಬುದನ್ನು ನಮ್ಮಲ್ಲಿ ಬಲ್ಲವರು ಕಡಿಮೆ.

ಡಾರ್ವಿನ್ನನು 1809ರ ಫೆಬ್ರವರಿ 12ರಂದು ಇಂಗ್ಲೆಂಡಿನ ಶ್ರೂಸ್‌ಬರಿಯಲ್ಲಿ ವೈದ್ಯನೊಬ್ಬನ ಮಗನಾಗಿ ಹುಟ್ಟಿದನು. ತಾನೂ ವೈದ್ಯನಾಗಲು ಹೋಗಿ, ಶಸ್ತ್ರಚಿಕಿತ್ಸೆಯನ್ನು ನೋಡಲಾರದೆ ಆ ವಿದ್ಯೆಯನ್ನು ಬಿಟ್ಟನು. 1831ರಿಂದ 1836ರವರೆಗೆ ಬೀಗಲ್ ಹಡಗಿನಲ್ಲಿ ಭೂಮಿಯನ್ನು ಸುತ್ತಿಬಂದನು. ಮರುವರ್ಷ ಸೋದರಮಾವ ಜೋಸೈಯ ವೆಜ್‌ವುಡ್ಡನ ಮನೆಗೆ ಹೋದಾಗ, ಮಾವನು ತನ್ನ ಹೊಲದಲ್ಲೊಂದು ಸೋಜಿಗವನ್ನು ತೋರಿಸಿದನು. ಕೆಲವು ವರ್ಷಗಳ ಹಿಂದೆ ಮೇಲೆ ಚೆಲ್ಲಿದ್ದ ಸುಣ್ಣವೂ ಸುಟ್ಟ ಕಲ್ಲಿದ್ದಲ ಚೂರುಗಳೂ ಕೆಲವು ಅಂಗುಲ ಆಳಕ್ಕೆ ಇಳಿದಿದ್ದವು. ಇದು ಎರೆಹುಳಗಳ ಕೆಲಸವೆಂದು ಮಾವನ ಊಹೆ. (ಮುಂದೆ 1839ರಲ್ಲಿ ಡಾರ್ವಿನ್ನನು ಈ ಮಾವನ ಮಗಳು ಎಮ್ಮಳನ್ನೇ ಮದುವೆಯಾದನು. ನಮ್ಮವರಿಗೆ ಇದೇನೂ ಹೊಸತಲ್ಲ!)

ಅದೇ 1837ರಲ್ಲಿ ಲಂಡನ್ನಿನ ಭೂವಿಜ್ಞಾನ ಸಂಘದಲ್ಲಿ ಅವನು ಈ ಬಗ್ಗೆ ಪ್ರಬಂಧ ಓದಿದನು. ಎಲ್ಲರೂ ಒಪ್ಪಲಿಲ್ಲ. ಇಷ್ಟು ಪುಟ್ಟ, ದುರ್ಬಲ ಪ್ರಾಣಿ ಇಷ್ಟು ದೊಡ್ಡ ಕೆಲಸ ಮಾಡೀತೆ ಎಂದು 1869ರಲ್ಲಿಯೂ ಒಬ್ಬನು ಪತ್ರಿಕೆಯಲ್ಲಿ ಆಕ್ಷೇಪಿಸಿದನು.

ಡಾರ್ವಿನ್ನನು ವಾದಕ್ಕಿಂತ ಪರೀಕ್ಷೆಯನ್ನು ನೆಚ್ಚಿದವನು. 1842ರಲ್ಲಿ ಡೌನ್ ಎಂಬ ಹಳ್ಳಿಗೆ ಬಂದು ನೆಲಸಿದವನೇ, ಆ ವರ್ಷದ ಡಿಸೆಂಬರಿನಲ್ಲಿ ಹತ್ತಿರದ ಹೊಲವೊಂದರಲ್ಲಿ ಸೀಮೆಸುಣ್ಣದ ಚೂರುಗಳನ್ನು ಹರಡಿಸಿದನು. ಆಮೇಲೆ ಕಾದನು. ಒಂದೆರಡು ವರ್ಷವಲ್ಲ, 29 ವರ್ಷ! 1871ರಲ್ಲಿ ಅಗೆದು ನೋಡಿದರೆ ಬಿಳಿಯ ಚೂರುಗಳ ಸಾಲು 7 ಅಂಗುಲ ಕೆಳಗಿತ್ತು. ಪರೀಕ್ಷೆ ಬರೆದ ಮರುದಿನವೇ ಫಲಿತಾಂಶ ಕೇಳುವ ನಮಗೆ ಈ ತಾಳ್ಮೆ ಊಹೆಗೂ ನಿಲುಕದು.

ಕುಂಡಗಳಲ್ಲಿ ಹುಳಗಳನ್ನು ಸಾಕಿ ರಾತ್ರಿಯೆಲ್ಲ ಗಮನಿಸಿದನು. ಮಗನಿಂದ ಬಸೂನ್ ವಾದ್ಯ ಊದಿಸಿದರೂ ಅವು ಕದಲಲಿಲ್ಲ. ಕುಂಡವನ್ನು ಪಿಯಾನೋ ಮೇಲಿಟ್ಟು ಒಂದು ಸ್ವರ ನುಡಿಸಿದಾಗ ಮಾತ್ರ ನಡುಕವನ್ನರಿತು ಬಿಲ ಸೇರಿದವು. ಉದುರಿದ ಎಲೆಗಳನ್ನು ಹೆಚ್ಚಾಗಿ ತುದಿಯಿಂದಲೇ ಬಿಲದೊಳಗೆ ಎಳೆಯುತ್ತಿದ್ದವು. ಅಭ್ಯಾಸಬಲವೋ, ತಿಳಿವಳಿಕೆಯೋ ಎಂದು ನೋಡಲು ಅವನು 303 ಕಾಗದದ ತ್ರಿಕೋನಗಳನ್ನು ಕತ್ತರಿಸಿಟ್ಟನು. ಅವುಗಳಲ್ಲಿಯೂ ಹೆಚ್ಚಿನವನ್ನು ಚೂಪು ಮೂಲೆಯಿಂದಲೇ ಎಳೆದವು.

ಹುಳವು ಎಲೆಯನ್ನು ತನ್ನ ರಸದಿಂದ ಮೆದುಮಾಡಿ ಮಣ್ಣಿನೊಡನೆ ನುಂಗುತ್ತದೆ. ಅದಕ್ಕೆ ಹಲ್ಲಿಲ್ಲ, ಒಳಗಿನ ಗಟ್ಟಿ ಚೀಲವೊಂದರಲ್ಲಿ ಮರಳಿನ ಕಣಗಳೇ ಬೀಸುವ ಕಲ್ಲುಗಳು. ಅರೆದದ್ದು ಹಿಕ್ಕೆಯಾಗಿ ನೆಲದ ಮೇಲೆ ಬೀಳುತ್ತದೆ. ಇಂಗ್ಲೆಂಡಿನ ಹಲವೆಡೆ ಎಕರೆಗೆ ವರ್ಷಕ್ಕೆ 10 ಟನ್ನಿಗೂ ಹೆಚ್ಚು ಮಣ್ಣು ಹೀಗೆ ಮೇಲೆ ಬರುತ್ತದೆಂದು ಅವನು ಲೆಕ್ಕ ಹಾಕಿದನು. ಚೂರುಗಳು ತಾವಾಗಿ ಇಳಿದದ್ದಲ್ಲ, ಮೇಲೆ ಮಣ್ಣು ಬಿದ್ದು ಮುಚ್ಚಿಹೋದದ್ದು. ಸತ್ತ ಎಲೆ ಪೂರ್ತಿ ಕೊಳೆಯಲು ಬೂಷ್ಟು, ಬ್ಯಾಕ್ಟೀರಿಯಗಳೂ ಬೇಕೆಂಬುದನ್ನು ಮುಂದಿನವರು ವಿವರವಾಗಿ ತಿಳಿದರು.

1881ರ ಅಕ್ಟೋಬರಿನಲ್ಲಿ ಎರೆಹುಳಗಳ ಪುಸ್ತಕ ಹೊರಬಂದು ಬೇಗನೆ ಸಾವಿರಾರು ಪ್ರತಿಗಳು ಮಾರಾಟವಾದವು. ಅದೇ ಅವನ ಕೊನೆಯ ಪುಸ್ತಕ. 1882ರ ಏಪ್ರಿಲ್ 19ರಂದು ಡಾರ್ವಿನ್ನನು ತೀರಿಕೊಂಡನು. ಅವನನ್ನು ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಅಬ್ಬೆಯಲ್ಲಿ ಸಮಾಧಿ ಮಾಡಿದರು. ಕಲ್ಲು ವರ್ಷಕ್ಕೆಷ್ಟು ಇಳಿಯುತ್ತದೆಂದು ಅಳೆಯಲು ಡೌನ್ ಮನೆಯ ತೋಟದಲ್ಲಿ ಒಂದು ದುಂಡುಕಲ್ಲನ್ನು ಇರಿಸಿದ್ದರು. ತಂದೆಯ ಕಾಲಾನಂತರವೂ ಮಗ ಹೊರೇಸನು ಅದನ್ನು ಅಳೆಯುತ್ತಿದ್ದನು.